ಬಾವಲಿಗೆ ಬಣ್ಣ ಬೇಡ, ವಾಸನೆ ಸಾಕು
ಹಣ್ಣು ತಿನ್ನುವ ಪ್ರಾಣಿಗಳು ಬೀಜ ಹರಡುವ ಬಗ್ಗೆ ನಿಮ್ಮ ಲೇಖನ ಓದಿದೆ. ಕೆಂಪು, ಕಪ್ಪು ಹಣ್ಣುಗಳು ಹಕ್ಕಿಗಳನ್ನು ಕರೆಯುತ್ತವೆ ಎಂದು ಬರೆದಿದ್ದೀರಿ, ನಿಜ. ಬಣ್ಣ ಗುರುತಿಸುವ ಕೋಶ ನಮ್ಮ ಕಣ್ಣಲ್ಲಿ 3 ಬಗೆ, ಹಕ್ಕಿಗಳಲ್ಲಿ 4. ಎಲೆ ನಡುವಿನ ಕೇಪಳ ಪೊದೆಯ ಕೆಂಪು ಹಣ್ಣು ಅವಕ್ಕೆ ದೂರದಿಂದಲೇ ಕಾಣುತ್ತದೆ. ಆದರೆ ರಾತ್ರಿ ಬರುವವರನ್ನು ಬಿಟ್ಟೇ ಬಿಟ್ಟಿರಲ್ಲ!

ಉಡುಪಿಯ ನಮ್ಮ ಮನೆ ಹಿಂದೆ ಒಂದು ಹೊನ್ನೆ ಮರ ಇದೆ. ಹಣ್ಣು ಬಲಿತರೂ ಹಸಿರು-ಹಳದಿ, ಎಲೆಯೊಳಗೆ ಕಾಣುವುದೇ ಕಷ್ಟ. ಬಾವಲಿ ವಾಸನೆ ಹಿಡಿದೇ ಬರುತ್ತದೆ. ಒಂದೊಂದೇ ಹಣ್ಣು ಕಚ್ಚಿಕೊಂಡು ಹೋಗಿ, ಬೇರೆ ಮರದಲ್ಲಿ ನೇತಾಡಿಕೊಂಡು ತಿರುಳು ತಿಂದು ಬೀಜ ಕೆಳಗೆ ಹಾಕುತ್ತದೆ. ಬೆಳಿಗ್ಗೆ ಅಂಗಳ ಗುಡಿಸುವಾಗ ಮಾವಿನ ಮರದ ಬುಡದಲ್ಲಿ ಹತ್ತಿಪ್ಪತ್ತು ಗೋಲಿಯಂಥ ಬೀಜ, ಮೇಲೆಲ್ಲ ಹಲ್ಲಿನ ಗೆರೆ. ಯಾರೂ ನೆಡದೆ ಅಲ್ಲಿ ಮೂರು ಹೊನ್ನೆ ಸಸಿ ಎದ್ದಿವೆ. ಬೈನೆ (ತಾಳೆ ಜಾತಿಯ ಮರ) ಬೀಜ ಪುನುಗು ಬೆಕ್ಕಿನ ಹಿಕ್ಕೆಯಲ್ಲಿ ಊರು ಸುತ್ತುವುದನ್ನೂ ಬರೆಯಬೇಕಿತ್ತು.

ಬಾವಲಿ ಹಣ್ಣು ತಿನ್ನದಿರಲೆಂದು ಚಿಕ್ಕು ಮರಕ್ಕೆ ಬಲೆ ಹಾಕುವವರಲ್ಲಿ ಒಂದು ಕೇಳಿಕೆ. ಬಲೆಯಲ್ಲಿ ಸಿಕ್ಕಿ ಸತ್ತ ಬಾವಲಿಯನ್ನು ನೋಡಿದ್ದೇನೆ, ಬಹಳ ಸಂಕಟವಾಯಿತು. ಇಡೀ ಮರಕ್ಕೆ ಬಲೆ ಬೇಡ. ನಮಗೆ ಬೇಕಾದಷ್ಟು ಹಣ್ಣಿಗೆ ಬಟ್ಟೆ ಚೀಲ ಕಟ್ಟಿದರೆ ಸಾಕಲ್ವಾ?