ಕೀ ಬಿಟ್ಟರೆ ಕೆಟ್ಟಿತು

ಸ್ಟಾರ್ಟೇ ಆಗದ ಗಾಡಿಯ ಬಗ್ಗೆ ನನಗೆ ಗೌರವವಿದೆ. ಅದರದ್ದು ನೇರ ಮಾತು: ಇವತ್ತು ಆಗಲ್ಲ, ಬೇರೆ ದಾರಿ ನೋಡ್ಕೊಳ್ಳಿ. ಟೋಯಿಂಗಿನವರಿಗೆ ಫೋನ್ ಮಾಡಿ ಎಲ್ಲಾದರೂ ನೆರಳಲ್ಲಿ ಕೂತರಾಯಿತು. ಆದರೆ ಗುರ್ ಎಂದು ಹತ್ತಿಕೊಂಡು, ಇನ್ನೇನು ಹೊರಟೆವು ಅನ್ನುವಷ್ಟರಲ್ಲಿ ನಿಂತುಹೋಗುವ ಗಾಡಿ ಇದೆಯಲ್ಲ, ಅದು ಹೊಸ್ತಿಲವರೆಗೆ ಬಂದು ‘ಇನ್ನೊಂದ್ಸಲ ಬರ್ತೀವಿ ಬಿಡಿ’ ಎನ್ನುವ ಬೀಗರ ಜಾತಿ. ಕೋಪ ಮಾಡಿಕೊಳ್ಳುವ ಹಾಗೂ ಇಲ್ಲ, ಹಾಕಿದ ಎಲೆ ಎತ್ತುವ ಹಾಗೂ ಇಲ್ಲ.

ನಮ್ಮ ಮೋಟರ್‌ಹೋಮ್, ಅಂದರೆ ಒಲೆ, ಹಾಸಿಗೆ, ಫ್ರಿಜ್ಜು ಎಲ್ಲ ಇರುವ ಚಕ್ರದ ಮೇಲಿನ ಮನೆ, 1976ರದ್ದು, ನನಗಿಂತ ಹಿರಿಯ. ಕಂಪನಿಯ ಹೆಸರು ಬೇಡ. ಇಷ್ಟು ವರ್ಷವಾದ ಮೇಲೆ ಕೆಟ್ಟರೆ ಪಾಪ, ಅವರಾದರೂ ಏನು ಮಾಡಿಯಾರು. 440 ಕ್ಯೂಬಿಕ್ ಇಂಚಿನ ವಿ8 ಎಂಜಿನ್. ಅಂದರೆ 7.2 ಲೀಟರ್, ಒಂಬತ್ತು ಮಾರುತಿ 800 ಎಂಜಿನ್ ಕೂಡಿಸಿದಷ್ಟು. ಗ್ಯಾಲನ್ನಿಗೆ ಏಳು ಮೈಲಿ ಕೊಡುತ್ತದೆ, ನಮ್ಮೂರಿನ ಲೆಕ್ಕದಲ್ಲಿ ಲೀಟರಿಗೆ ಮೂರು ಕಿಲೋಮೀಟರ್, ಅದೂ ಎದುರುಗಾಳಿ ಇಲ್ಲದಿದ್ದರೆ.

ಎಂಜಿನ್ ಇರುವುದು ಮನೆಯೊಳಗೇ. ಮುಂದಿನ ಎರಡು ಸೀಟುಗಳ ನಡುವೆ ಪೆಟ್ಟಿಗೆಯಂಥ ಮುಚ್ಚಳ. ಎತ್ತಿದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಮೂಗಿನೆದುರು. ಓಡುವಾಗ ಆ ಮುಚ್ಚಳದ ಮೇಲೆ ಚಕ್ಕುಲಿ ಡಬ್ಬ, ನೀರಿನ ಬಾಟಲಿ, ಮಕ್ಕಳ ಬಣ್ಣದ ಪೆನ್ಸಿಲ್ ಎಲ್ಲ ಇರುತ್ತವೆ. ಕೆಟ್ಟಾಗ ಮೊದಲ ಕೆಲಸ ಈ ಸಂಸಾರವನ್ನು ಹಾಸಿಗೆಯ ಮೇಲಕ್ಕೆ ಸಾಗಿಸುವುದು. ಆಮೇಲೆ ಮನೆ ತುಂಬ ಪೆಟ್ರೋಲ್ ವಾಸನೆ. ಗ್ಯಾಸಿನಲ್ಲಿ ನಡೆಯುವ ಫ್ರಿಜ್ಜನ್ನೂ ಆರಿಸಬೇಕು, ಒಲೆಯ ಹತ್ತಿರ ಹೋಗುವಂತಿಲ್ಲ. ಹಾಗಾಗಿ ಎಂಜಿನ್ ಕೆಟ್ಟ ದಿನ ಒಗ್ಗರಣೆ ಕಾಣದ ಮೊಸರನ್ನವೇ ಗತಿ.

ಈ ಸಲ ಕೈಕೊಟ್ಟಿದ್ದು ಕ್ಯಾಲಿಫೋರ್ನಿಯಾದ ಲೋನ್ ಪೈನ್‌ನಲ್ಲಿ. ಮೊಹಾವೆ ಮರುಭೂಮಿ ದಾಟಿ 395ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಸಿಗುವ ಪುಟ್ಟ ಊರು. ತಲೆ ಎತ್ತಿದರೆ ಮೌಂಟ್ ವಿಟ್ನಿ, 14,505 ಅಡಿ; ಅಲಾಸ್ಕಾ ಬಿಟ್ಟರೆ ಅಮೆರಿಕದಲ್ಲಿ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ. ಪಕ್ಕದ ಅಲಬಾಮಾ ಹಿಲ್ಸ್ ಬಂಡೆಗಳ ನಡುವೆ 1920ರ ದಶಕದಿಂದಲೂ ಕೌಬಾಯ್ ಸಿನಿಮಾಗಳನ್ನು ತೆಗೆದಿದ್ದಾರಂತೆ. ನಾವು ಕಣ್ತುಂಬ ನೋಡಿದ್ದು ಒಂದು ಅಂಗಡಿಯ ಪಾರ್ಕಿಂಗ್ ಜಾಗವನ್ನು. ಹಾಲು, ಐಸ್ ತರೋಣವೆಂದು ನಿಲ್ಲಿಸಿದ್ದೆವು, ಅಷ್ಟೇ.

ನಮ್ಮಲ್ಲಿ ಕೆಲಸದ ಹಂಚಿಕೆ ಸ್ಪಷ್ಟವಾಗಿದೆ. ಎಂಜಿನ್ನೊಳಗೆ ತಲೆಯಿಡುವುದು ಇವರು, ಕೀ ತಿರುಗಿಸುವುದು ನಾನು. ‘ಹಾಕು’ ಅಂದರೆ ಹಾಕಬೇಕು, ‘ಬಿಡು’ ಅಂದರೆ ಬಿಡಬೇಕು. ವಿಚಾರ ಮಾಡುವುದು ಕೀ ಹಿಡಿದವರ ಖಾತೆಗೆ ಬರುವುದಿಲ್ಲ.

ಹಾಕಿದೆ, ಹತ್ತಿಕೊಂಡಿತು. ಬಿಟ್ಟೆ, ನಿಂತಿತು.

“ರೀ, ಕೀ ಬಿಟ್ಟ ತಕ್ಷಣ ನಿಲ್ತಿದೆ.”

“ಕೀ ಬಿಡದೇ ಇರಕ್ಕಾಗತ್ತಾ ಮಾರಾಯ್ತಿ? ಎಲ್ರೂ ಬಿಡ್ತಾರೆ.”

ಇವರ ಮೊದಲ ಅನುಮಾನ ವೇಪರ್ ಲಾಕ್. ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ, ಪಂಪು ಎಳೆದರೂ ಏನೂ ಬರದ ಸ್ಥಿತಿ. ಅದಕ್ಕೆ ಇಲ್ಲಿಯ ಹಳಬರದ್ದೊಂದು ಮನೆಮದ್ದು ಇದೆ: ಪೈಪಿನ ಉದ್ದಕ್ಕೂ ಬಟ್ಟೆಗೆ ಹಾಕುವ ಮರದ ಕ್ಲಿಪ್ಪುಗಳನ್ನು ಕಚ್ಚಿಸುವುದು. ಪ್ರಯೋಜನದ ಬಗ್ಗೆ ಹಳಬರಲ್ಲೇ ಒಮ್ಮತವಿಲ್ಲ, ಆದರೂ ನನ್ನ ಕ್ಲಿಪ್ಪುಗಳು ಹೋದವು. ಹಗ್ಗದ ಮೇಲಿದ್ದ ಒದ್ದೆ ಟವೆಲುಗಳು ಅಕ್ಕಿಡಬ್ಬದ ಮೇಲೆ ಬಿದ್ದವು. ಎಂಜಿನ್ನಿಗೆ ಏನೂ ಅನ್ನಿಸಲಿಲ್ಲ.

ಅಷ್ಟರಲ್ಲಿ ತೀರ್ಥಹಳ್ಳಿಯಲ್ಲಿ ಬೆಳಗಾಗಿತ್ತು. ಮಾವನವರು ಹಳೇ ಜೀಪಿನಲ್ಲಿ ತೋಟಕ್ಕೆ ಓಡಾಡಿದವರು, ಮಳೆಗಾಲದ ಕೆಸರಲ್ಲೂ ಅದನ್ನು ಎಬ್ಬಿಸಿ ಕೂರಿಸಿದವರು. ಫೋನಲ್ಲಿ ಕಾಫಿ ಹೀರುವ ಸದ್ದಿನ ಹಿಂದೆಯೇ ತೀರ್ಪು ಬಂತು: “ಕಸ ಕೂತಿದೆ. ಕಾರ್ಬೊರೇಟರ್ ಬಿಚ್ಚಿ ಊದು.”

“ಅಪ್ಪಾ, ಇದು ನಾಲ್ಕು ಬ್ಯಾರಲ್‌ದು.”

“ಹಾಗಾದ್ರೆ ನಾಲ್ಕು ಸಲ ಊದು.”

ಇವರು ಏರ್ ಫಿಲ್ಟರ್ ತೆಗೆದು, ಟಾರ್ಚ್ ಬಿಟ್ಟು, ಆಕ್ಸಿಲರೇಟರ್ ಲಿವರನ್ನು ಕೈಯಲ್ಲೇ ಎಳೆದರು. ಒಳಗೆ ಎರಡು ಸಣ್ಣ ತೂತುಗಳಿಂದ ಪೆಟ್ರೋಲ್ ಚಿರ್ ಎಂದು ಚಿಮ್ಮಿತು. ಅಲ್ಲಿಗೆ ಪೆಟ್ರೋಲ್ ನಿರಪರಾಧಿ ಎಂದು ಬಿಡುಗಡೆ ಮಾಡಬೇಕಿತ್ತು. ಆದರೆ ಪೆಟ್ರೋಲಿನ ಮೇಲಿನ ಅನುಮಾನ ಗಂಡಸರಿಗೆ ಸುಲಭಕ್ಕೆ ಬಿಡುವುದಿಲ್ಲ. ಸ್ಯಾನ್ ಹೋಸೆಯ ಗೆಳೆಯರು ಫೋನ್ ಮಾಡಿ, ಇಲ್ಲಿಯ ಪೆಟ್ರೋಲಿನಲ್ಲಿ ಹತ್ತು ಪರ್ಸೆಂಟ್ ಎಥನಾಲ್ ಇರುತ್ತೆ, ಹಳೇ ರಬ್ಬರ್ ಪೈಪನ್ನು ತಿಂದುಹಾಕಿರುತ್ತೆ, ಪೂರ್ತಿ ಬದಲಾಯಿಸು ಅಂದರು. ಮಾತು ಸುಳ್ಳಲ್ಲ. ಅವರ ಸ್ವಂತ ಗಾಡಿ ಮಾತ್ರ ಕರೆಂಟಿನದು. ಟ್ಯಾಂಕಲ್ಲೇ ಪೆಟ್ರೋಲ್ ಇಲ್ಲವೇನೋ ಎಂಬ ಕೊನೆಯ ಅನುಮಾನಕ್ಕೆ ಜನರೇಟರ್ ಹಾಕಿ ನೋಡಿದೆವು. ಇಂಥ ಗಾಡಿಗಳಲ್ಲಿ ಜನರೇಟರಿಗೂ ಅದೇ ಟ್ಯಾಂಕು, ಆದರೆ ಅದರ ಪೈಪನ್ನು ಬೇಕೆಂದೇ ಎತ್ತರದಲ್ಲಿಟ್ಟಿರುತ್ತಾರೆ. ಕಾಲು ಟ್ಯಾಂಕಿಗೆ ಇಳಿದರೆ ಜನರೇಟರ್ ತಾನೇ ನಿಲ್ಲುತ್ತದೆ, ರಾತ್ರಿಯಿಡೀ ಎಸಿ ಹಾಕಿಕೊಂಡು ಮಲಗಿದವರು ಬೆಳಿಗ್ಗೆ ಬಂಕಿನವರೆಗಾದರೂ ಹೋಗಲಿ ಅಂತ. ನಮ್ಮದು ಒಂದೇ ಸಲಕ್ಕೆ ಹತ್ತಿ ಸೊಗಸಾಗಿ ಓಡಿತು. ಎಸಿ ಬಂತು, ಮೈಕ್ರೋವೇವ್ ಬಂತು, ದೀಪಗಳೆಲ್ಲ ಝಗಮಗ. ಮನೆ ಎಷ್ಟು ಬೇಕಾದರೂ ನಡೆಯುತ್ತಿತ್ತು, ಚಕ್ರ ತಿರುಗುತ್ತಿರಲಿಲ್ಲ ಅಷ್ಟೇ.

ಪಕ್ಕದಲ್ಲಿ ಪುಟ್ಟ ಟ್ರೈಲರ್ ಎಳೆದುಕೊಂಡು ಬಂದಿದ್ದ ಅಜ್ಜನೊಬ್ಬ ಇದನ್ನೆಲ್ಲ ಐಸ್‌ಕ್ರೀಮ್ ತಿನ್ನುತ್ತ ನೋಡುತ್ತಿದ್ದ. ಮುಗಿಸಿ, ಕೈ ಒರೆಸಿಕೊಂಡು, ಇವರ ಹತ್ತಿರ ಹೋಗದೆ ನೇರ ನನ್ನ ಕಿಟಕಿಗೆ ಬಂದ.

“ಕೀ ನಿಮ್ಮ ಕೈಲಿತ್ತಲ್ಲ? ಹೇಗೆ ಸಾಯುತ್ತೆ ಹೇಳಿ. ಕೆಮ್ಮಿ ಕೆಮ್ಮಿ ಸಾಯುತ್ತಾ, ಇಲ್ಲ ದೀಪ ಆರಿಸಿದ ಹಾಗಾ?”

ಅಷ್ಟು ಹೊತ್ತಿನಲ್ಲಿ ನನ್ನನ್ನು ಯಾರಾದರೂ ಕೇಳಿದ ಮೊದಲ ಪ್ರಶ್ನೆ. “ದೀಪ ಆರಿಸಿದ ಹಾಗೆ. ಕೀ ಬಿಟ್ಟ ಕ್ಷಣಕ್ಕೆ.”

ಅಜ್ಜನ ಮುಖ ಅರಳಿತು. ಪೆಟ್ರೋಲ್ ತಪ್ಪಿದ್ದರೆ, ಕಾರ್ಬೊರೇಟರ್ ಬಟ್ಟಲಲ್ಲಿ ಇರುವಷ್ಟನ್ನು ಸುಟ್ಟು, ಎಡವಿ, ಕೆಮ್ಮಿ ನಿಲ್ಲುತ್ತಂತೆ. ಕೀ ಬಿಡುತ್ತಿದ್ದಂತೆ ಹೊರಟುಹೋದರೆ ಕಿಡಿಯೇ ಹೋಯಿತು ಅಂತ ಅರ್ಥ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಅದಕ್ಕೇ ಆಗ ಕಿಡಿ ಹುಟ್ಟಿಸುವ ಕಾಯಿಲಿಗೆ ನೇರ ಕರೆಂಟು. ಕೀ ಬಿಟ್ಟ ಮೇಲೆ ಕರೆಂಟಿನ ದಾರಿ ಬದಲಾಗುತ್ತದೆ; ಕಾಯಿಲ್ ಸುಡದಿರಲೆಂದು ನಡುವೆ ಒಂದು ಬ್ಯಾಲಸ್ಟ್ ರೆಸಿಸ್ಟರ್ ಇಟ್ಟು ತಗ್ಗಿಸಿ ಕಳಿಸುತ್ತಾರೆ. ಅದು ಸುಟ್ಟಿದ್ದರೆ ಎಂಜಿನ್ ನನ್ನ ಕೀ ಹಿಡಿದ ಕೈಯಲ್ಲಿ ಬದುಕಿರುತ್ತದೆ, ಬಿಟ್ಟರೆ ಇಲ್ಲ.

ಎಂಜಿನ್ ಹಿಂದಿನ ತಗಡಿಗೆ ತಿರುಪು ಹಾಕಿ ಕೂರಿಸಿದ ಬಿಳಿ ಪಿಂಗಾಣಿ ತುಂಡು, ಬೆರಳಿನಷ್ಟುದ್ದ. ಬಿಚ್ಚಿ ತಿರುವಿದರೆ ಹಿಂದಿನ ಸೀಳಿನಲ್ಲಿ ಸುರುಳಿ ತಂತಿ, ಒಂದು ಕಡೆ ಕಪ್ಪಗೆ ಸುಟ್ಟು ಕೂದಲೆಳೆಯಷ್ಟು ಕಡಿದಿತ್ತು. ಇವರು ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಒಂಬತ್ತು ಮಾರುತಿಗಳನ್ನು ಮಲಗಿಸಿದ್ದು ಇದು. ಬೆಲೆ ಕೆಲವೇ ಡಾಲರ್. ಇಂಥ ಎಂಜಿನ್ ಇರುವವರು ಒಂದು ಹೆಚ್ಚಿಗೆ ಇಟ್ಟುಕೊಂಡೇ ಓಡಾಡಬೇಕು ಅಂತ ಹೇಳಿ ಅಜ್ಜ ತನ್ನ ಡಬ್ಬದಿಂದ ಒಂದನ್ನು ತೆಗೆದುಕೊಟ್ಟ. ದುಡ್ಡು ಮುಟ್ಟಲಿಲ್ಲ. ಚಕ್ಕುಲಿ ಡಬ್ಬ ಚಾಚಿದೆ, ಎರಡು ಕೈಯಲ್ಲೂ ತೆಗೆದುಕೊಂಡ.

ಹಾಕಿದೆ, ಹತ್ತಿತು. ಬಿಟ್ಟೆ, ಓಡುತ್ತಲೇ ಇತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಇವರು “ನಂಗೆ ಮೊದಲೇ ಕರೆಂಟಿನ ಅನುಮಾನ ಇತ್ತು” ಅಂದರು. ನಾನು ಮಾತಾಡಲಿಲ್ಲ, ಕ್ಲಿಪ್ಪುಗಳನ್ನು ಬಿಡಿಸುತ್ತಿದ್ದೆ.

ಕ್ಯಾಂಪಿಗೆ ಸೇರುವಾಗ ಕತ್ತಲಾಗಿತ್ತು. ಇವರು ಗಾಡಿ ನಿಲ್ಲಿಸಿ, ಆಫ್ ಮಾಡಿ, ಕೀ ಕಿತ್ತು ಜೇಬಿಗೆ ಹಾಕಿಕೊಂಡರು. ಎಂಜಿನ್ ನಿಲ್ಲಲಿಲ್ಲ. ಗುಡುಗುಡು, ಡಬ್, ಗುಡುಗುಡು. ಕಾದ ಹಳೇ ಎಂಜಿನ್ನಿನಲ್ಲಿ ಕಿಡಿಯಿಲ್ಲದೆಯೇ ಪೆಟ್ರೋಲ್ ಹತ್ತಿಕೊಳ್ಳುವುದುಂಟಂತೆ. ಅಕ್ಕಪಕ್ಕದ ಟೆಂಟುಗಳಿಂದ ತಲೆಗಳು ಹೊರಗೆ ಬಂದವು. ಅದೇ ಹೊತ್ತಿಗೆ ಮಾವನವರ ಫೋನು.

“ಏನಾಯ್ತೋ, ಹೊರಡ್ತಾ?”

“ಹೊರಟ್ತಪ್ಪಾ. ಈಗ ಕೀ ತೆಗೆದ್ರೂ ನಿಲ್ತಿಲ್ಲ.”

“ನಾ ಬೆಳಿಗ್ಗೆನೇ ಹೇಳ್ಲಿಲ್ವೇನೋ,” ಅಂದರು ಮಾವ, “ಕಾರ್ಬೊರೇಟರ್ ಬಿಚ್ಚು ಅಂತ.”