ಏನೂ ಬೇಡದ ಗಿಡದ ಸಾಮಾನು ಪಟ್ಟಿ

ಕಳ್ಳಿಗೆ ಏನೂ ಬೇಡ ಎನ್ನುವುದು ಕಳ್ಳಿ ಸಾಕದವರೆಲ್ಲರ ಖಚಿತ ಅಭಿಪ್ರಾಯ. ಗದಗದ ಕಡೆಯ ನಮ್ಮ ಸೋದರಮಾವ ಮುಂಬಯಿಗೆ ಬಂದಾಗ ಕಿಟಕಿಯ ಸಾಲನ್ನು ನೋಡಿ, "ಅಲ್ಲೋ ಅಳಿಯಾ, ಬೇಲಿಗೆ ಹಚ್ಚೋ ಕಳ್ಳಿಗೆ ರೊಕ್ಕಾ ಕೊಟ್ಟು ತಂದೀಯೇನು?" ಎಂದು ಕೇಳಿದರು. ಕಳ್ಳಿಗಷ್ಟೇ ಅಲ್ಲ, ಅದರ ಕೆಳಗಿನ ಕಲ್ಲುಪುಡಿಗೂ ಮೇಲಿನ ದೀಪಕ್ಕೂ ಪಕ್ಕದ ಫ್ಯಾನಿಗೂ ರೊಕ್ಕ ಕೊಟ್ಟಿದ್ದೇನೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಹೇಳುವ, ಮುರಿದರೆ ಹಾಲು ಸುರಿಯುವ ಬೇಲಿಗಳ್ಳಿ ಬೇರೆಯೇ ಕುಟುಂಬದ್ದು, ನನ್ನ ಕಿಟಕಿಯಲ್ಲಿರುವವು ಅಮೆರಿಕ ಖಂಡದ ಮೂಲದವು ಎಂದು ವಾದಿಸಬಹುದಿತ್ತು. ಆದರೆ ಸೋದರಮಾವನೊಡನೆ ಸಸ್ಯಶಾಸ್ತ್ರ ವಾದಿಸಿ ಗೆದ್ದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ.

ಗದಗದ ಬಯಲಿನಲ್ಲಿ ನಿಂತು ನೋಡಿದರೆ ಮಾವ ಹೇಳುವುದು ಸರಿಯೇ. ಅಲ್ಲಿ ಬಿಸಿಲಿದೆ, ಗಾಳಿಯಿದೆ, ಮಳೆಯೂ ಕಡಿಮೆ. ಮುಂಬಯಿಯಲ್ಲಾದರೋ ಜೂನಿನಿಂದ ಸೆಪ್ಟೆಂಬರಿನವರೆಗೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಮಳೆ ನಿಂತ ಗಳಿಗೆಯಲ್ಲೂ ಗಾಳಿ ಒದ್ದೆಯಾಗಿಯೇ ಇರುತ್ತದೆ, ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಬಟ್ಟೆಯೇ ಒಣಗದಲ್ಲಿ ಕುಂಡದ ಮಣ್ಣು ಒಣಗೀತೆ? ತೋಟಗಾರಿಕೆಯ ಅಂಗಡಿಯಲ್ಲಿ ಇರುವ ಸಾಮಾನೆಲ್ಲ ಗಿಡಕ್ಕೆ ಏನನ್ನಾದರೂ ಕೊಡುವುದಕ್ಕೆಂದು ತಯಾರಾದದ್ದು: ನೀರು ಕೊಡುವ ಝಾರಿ, ನೀರು ಹಿಡಿದಿಡುವ ನಾರಿನ ಪುಡಿ, ಸತ್ವ ಕೊಡುವ ದ್ರಾವಣ. ಈ ಊರಿನ ಕಳ್ಳಿಗೆ ಬೇಕಾದದ್ದು ಕೊಟ್ಟದ್ದನ್ನು ಬೇಗ ಹಿಂದಕ್ಕೆ ತೆಗೆದುಕೊಳ್ಳುವ ಸಾಮಾನು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋದರೆ ಅಲ್ಲಿನ ಮುಕ್ಕಾಲು ಪಾಲು ಸರಕಿನತ್ತ ಕಣ್ಣೆತ್ತಿಯೂ ನೋಡಬೇಕಾಗಿಲ್ಲ.

ಕುಂಡದ ವಿಷಯದಲ್ಲಿ ನನಗೆ ಪಕ್ಷಪಾತವಿದೆ. ಬಣ್ಣ ಬಳಿಯದ, ಹೊಳಪು ಹಚ್ಚದ ಸುಟ್ಟ ಮಣ್ಣಿನ ಕುಂಡವೇ ಮುಂಬಯಿಗೆ ತಕ್ಕದ್ದು. ಅದರ ಗೋಡೆಯ ಸೂಕ್ಷ್ಮ ರಂಧ್ರಗಳಿಂದ ನೀರು ನಾಲ್ಕೂ ಕಡೆಗೆ ಆವಿಯಾಗಿ ಹೋಗುತ್ತದೆ. ಮಾಟುಂಗಾದ ಕಡೆಯಿರುವ ನಮ್ಮ ಕನ್ನಡದವರಿಗೆ ಇದಕ್ಕಾಗಿ ದೂರ ಹೋಗುವ ಅಗತ್ಯವೂ ಇಲ್ಲ. ಧಾರಾವಿಯ ಕುಂಭಾರವಾಡಾದಲ್ಲಿ, ಸೌರಾಷ್ಟ್ರದಿಂದ ಬಂದು ನೆಲೆಸಿದ ಕುಂಬಾರರ ಓಣಿಗಳಲ್ಲಿ, ದೀಪಾವಳಿಯ ಹಣತೆಗಳ ಪಕ್ಕದಲ್ಲಿಯೇ ಅಂಗೈಯಗಲದ ಕುಂಡಗಳ ರಾಶಿ ಸಿಗುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಟಣ್ ಎನ್ನಬೇಕು. ದಪ್ ಎಂದರೆ ಎಲ್ಲಿಯೋ ಬಿರುಕಿದೆ, ಇಲ್ಲವೇ ಸರಿಯಾಗಿ ಬೆಂದಿಲ್ಲ. ಪುಣೆಯಲ್ಲಿರುವವರು ಪ್ಲಾಸ್ಟಿಕ್ ಕುಂಡ ಬಳಸಿದರೆ ನನ್ನದೇನೂ ತಕರಾರಿಲ್ಲ. ಅಲ್ಲಿಯ ಮಳೆ ನಮ್ಮ ಮಳೆಯ ಮೂರನೆಯ ಒಂದು ಪಾಲಿನಷ್ಟು, ಚಳಿಗಾಲದ ಗಾಳಿಯೂ ಒಣ. ಆದರೆ ಉಡುಗೊರೆಯಾಗಿ ಬರುವ, ತಳದಲ್ಲಿ ತೂತೇ ಇಲ್ಲದ ಪಿಂಗಾಣಿ ಬಟ್ಟಲನ್ನು ಯಾವ ಊರಿನಲ್ಲಿಯೂ ಬಳಸಬಾರದು. ಬಳಸಲೇಬೇಕೆಂಬ ಮುಲಾಜಿದ್ದರೆ ಟೈಲ್ಸ್ ಕೊರೆಯುವ ಬಿಟ್ ತಂದು, ನೀರು ಹನಿಸುತ್ತ, ನಿಧಾನವಾಗಿ ತೂತು ಮಾಡಬೇಕು. ಕುಂಡದ ಅಗಲ ಗಿಡಕ್ಕಿಂತ ಒಂದು ಬೆರಳಿನಷ್ಟು ಹೆಚ್ಚಿದ್ದರೆ ಸಾಕು. ಮುಂದೆ ಬೆಳೆಯುತ್ತದೆ ಎಂದು ಮಕ್ಕಳಿಗೆ ದೊಡ್ಡ ಅಳತೆಯ ಅಂಗಿ ಹೊಲಿಸುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಬೇರು ಮುಟ್ಟದ ಮಣ್ಣಿನಲ್ಲಿ ನೀರು ಸುಮ್ಮನೆ ಕುಳಿತಿರುತ್ತದೆ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ಉಪದೇಶವನ್ನು ಪ್ರತಿಯೊಬ್ಬ ಮಾಲಿಯೂ ಮಾಡುತ್ತಾನೆ, ಪ್ರತಿಯೊಬ್ಬ ಅತ್ತೆಯೂ ಮಾಡುತ್ತಾರೆ. ಆಗುವುದು ಅದಕ್ಕೆ ತದ್ವಿರುದ್ಧ. ನುಣುಪಾದ ಮಣ್ಣು ನೀರನ್ನು ತನ್ನ ಸಣ್ಣ ಸಂದುಗಳಲ್ಲಿ ಬಿಗಿಯಾಗಿ ಹಿಡಿದುಕೊಂಡಿರುವುದರಿಂದ, ಮೇಲಿನ ಮಣ್ಣು ಪೂರ್ತಿ ನೆನೆದು ತೊಪ್ಪೆಯಾಗುವವರೆಗೆ ಕೆಳಗಿನ ದೊಡ್ಡ ಸಂದುಗಳಿಗೆ ಒಂದು ಹನಿಯೂ ಇಳಿಯುವುದಿಲ್ಲ. ಹೀಗಾಗಿ ತಳದಲ್ಲಿರಬೇಕಾಗಿದ್ದ ಒದ್ದೆ ಪದರ ಎರಡು ಬೆರಳು ಮೇಲಕ್ಕೆ, ಬೇರಿನ ಸಮೀಪಕ್ಕೆ ಬಂದು ನಿಲ್ಲುತ್ತದೆ. ತೂತಿನ ಮೇಲೆ ಸೊಳ್ಳೆಜಾಲರಿಯ ಒಂದು ಚೂರನ್ನಿಟ್ಟರೆ ಮುಗಿಯಿತು. ಜಲ್ಲಿಯನ್ನು ತಳಕ್ಕಲ್ಲ, ಇಡೀ ಮಣ್ಣಿಗೇ ಬೆರೆಸಬೇಕು.

ಆ ಮಣ್ಣು ಎಂಬ ಪದಾರ್ಥವೇ ಇಡೀ ಪಟ್ಟಿಯಲ್ಲಿ ಹೆಚ್ಚು ತಲೆ ತಿನ್ನುವಂಥದ್ದು. ಮುಂಬಯಿಯ ನರ್ಸರಿಗಳಲ್ಲಿ ಗಿಡ ಬರುವುದು ಸಾಮಾನ್ಯವಾಗಿ ಕೆಂಪು ಮಣ್ಣಿನಲ್ಲಿ. ನೆನೆದಾಗ ಅಂಟು, ಒಣಗಿದಾಗ ಇಟ್ಟಿಗೆ. ಅದನ್ನು ಬಿಟ್ಟರೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಅಗ್ಗ, ಹಗುರ, ಐದನೇ ಮಹಡಿಗೆ ಹೊತ್ತೊಯ್ಯಲು ಸುಲಭ ಎಂಬುದೆಲ್ಲ ನಿಜವಾದರೂ ಅದರ ಹುಟ್ಟುಗುಣವೇ ನೀರನ್ನು ಹೀರಿ ಹಿಡಿದಿಡುವುದು. ಒಮ್ಮೆ ಪೂರ್ತಿ ಒಣಗಿತೋ, ಹೊಯ್ದ ನೀರನ್ನು ಒಳಗೆ ಬಿಟ್ಟುಕೊಳ್ಳದೆ ಅಂಚಿನಿಂದ ಜಾರಿಸಿಬಿಡುತ್ತದೆ. ಕಳ್ಳಿಗೆ ಈ ಎರಡೂ ಗುಣಗಳು ಬೇಡ. ಹೊರದೇಶದಿಂದ ಬರುವ ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲು, ಅಕಡಾಮ ಎಂಬ ಜಪಾನಿನ ಹರಳುಮಣ್ಣು ಮೊದಲಾದವು ಒಳ್ಳೆಯವೇ; ಅವುಗಳ ಬೆಲೆ ನೋಡಿದರೆ ಗಿಡವನ್ನು ಬಿಟ್ಟು ಮಣ್ಣನ್ನೇ ಷೋಕೇಸಿನಲ್ಲಿಡಬೇಕೆನ್ನಿಸುತ್ತದೆ. ಪರ್ಲೈಟ್ ಎಂಬ, ಕಾಯಿಸಿ ಅರಳಿಸಿದ ಬಿಳಿ ಕಲ್ಲಿನ ಹರಳು ಮಧ್ಯಮ ಬೆಲೆಗೆ ಸಿಗುತ್ತದೆ, ಆದರೆ ಅದರ ಧೂಳು ಮೂಗಿಗೆ ಒಳ್ಳೆಯದಲ್ಲವಾದ್ದರಿಂದ ಚೀಲದಲ್ಲಿಯೇ ನೀರು ಚಿಮುಕಿಸಿ ತೆಗೆಯಬೇಕು.

ನನ್ನ ಆಯ್ಕೆ ಇವೆಲ್ಲಕ್ಕಿಂತ ಬಡವರದು. ಈ ನಗರದಲ್ಲಿ ಯಾವಾಗಲೂ ಯಾವುದೋ ಹಳೆಯ ಕಟ್ಟಡ ಪುನರಭಿವೃದ್ಧಿಗೆಂದು ಬೀಳುತ್ತಿರುತ್ತದೆ, ಪಕ್ಕದಲ್ಲಿ ಹೊಸತೊಂದು ಏಳುತ್ತಿರುತ್ತದೆ. ಬೀಳುವುದರಿಂದ ಇಟ್ಟಿಗೆಯ ಚೂರು, ಏಳುವುದರಿಂದ ಕಪ್ಪುಕಲ್ಲು ಅರೆದ ಮರಳು. ಕಾವಲುಗಾರನನ್ನು ಕೇಳಿದರೆ ಒಂದು ಚೀಲಕ್ಕೆ ಇಲ್ಲವೆನ್ನುವುದಿಲ್ಲ. ಇಟ್ಟಿಗೆಗೆ ಅಂಟಿದ ಸಿಮೆಂಟನ್ನು ಮಾತ್ರ ಬಿಡಿಸಿ ಎಸೆಯಬೇಕು, ಅದರ ಸುಣ್ಣದಂಶ ಬೇರಿಗೆ ಆಗದು. ಅನಂತರ ಬೇಕಾದದ್ದು ಜರಡಿ. ಈ ಹವ್ಯಾಸದ ಅತಿ ಮುಖ್ಯವಾದ ಉಪಕರಣ ಯಾವುದೆಂದು ಯಾರಾದರೂ ಕೇಳಿದರೆ ನಾನು ದೀಪವನ್ನೂ ಹೇಳುವುದಿಲ್ಲ, ಕುಂಡವನ್ನೂ ಹೇಳುವುದಿಲ್ಲ, ಜರಡಿಯನ್ನೇ ಹೇಳುತ್ತೇನೆ. ಎರಡರಿಂದ ಐದು ಮಿಲಿಮೀಟರ್ ಗಾತ್ರದ ಹರಳನ್ನು ಮಾತ್ರ ಉಳಿಸಿಕೊಂಡು, ಕೆಳಗೆ ಉದುರಿದ ಪುಡಿಯನ್ನು ನಿರ್ದಾಕ್ಷಿಣ್ಯವಾಗಿ ಎಸೆದು, ಉಳಿದದ್ದನ್ನು ನೀರು ತಿಳಿಯಾಗುವವರೆಗೆ ತೊಳೆಯಬೇಕು. ಆ ಪುಡಿಯೇ ಸಂದುಗಳನ್ನೆಲ್ಲ ಮುಚ್ಚಿ ನೀರನ್ನು ತಡೆಯುವ ಖಳ. ಇಂಥ ಹರಳು ಎರಡು ಪಾಲು, ಮಣ್ಣು ಮತ್ತು ಎರೆಗೊಬ್ಬರ ಸೇರಿ ಒಂದು ಪಾಲು. ಅಡುಗೆಮನೆಯ ಜರಡಿಯನ್ನು ಇದಕ್ಕೆ ಬಳಸಬಾರದೆಂದು ಬೇರೆ ಹೇಳಬೇಕಾಗಿಲ್ಲ; ಹೇಳುವವರು ಮನೆಯಲ್ಲಿಯೇ ಇರುತ್ತಾರೆ. ಚೌಪಾಟಿಯ ಕಡಲತೀರದ ಮರಳು ಉಪ್ಪಿನದು, ಅದರ ಆಸೆ ಬಿಡಬೇಕು.

ಇನ್ನು ಬೆಳಕು. ದಕ್ಷಿಣದ ಕಿಟಕಿಯೇ ಶ್ರೇಷ್ಠ ಎಂದು ಲಂಡನ್ನಿನವರೋ ನ್ಯೂಯಾರ್ಕಿನವರೋ ಬರೆದದ್ದನ್ನು ಓದಿ ನಾವು ನಂಬುತ್ತೇವೆ. ಮುಂಬಯಿ ಇರುವುದು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿ ಕಿಟಕಿಯೊಳಗೆ ಬಹುದೂರ ಬಿಸಿಲು ಚಾಚುವುದು ನಿಜ. ಆದರೆ ಮೇ ಮಧ್ಯಭಾಗದಿಂದ ಜುಲೈ ಕೊನೆಯವರೆಗೆ ಅವನು ನಡುಹಗಲಿನಲ್ಲಿ ನೆತ್ತಿಯನ್ನೂ ದಾಟಿ ಉತ್ತರದ ಕಡೆಗಿರುತ್ತಾನೆ, ದಕ್ಷಿಣದ ಕಿಟಕಿಗೆ ಮೇಲಿನ ಸಜ್ಜಾದ ನೆರಳಷ್ಟೇ ದಕ್ಕುತ್ತದೆ. ಸಾಲದ್ದಕ್ಕೆ ಜೂನಿನಿಂದಲೇ ಮೋಡಗಳ ಕಾಲ. ಬಯಲಿನ ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ (ಬೆಳಕನ್ನು ಅಳೆಯುವ ಮಾನ) ಇದ್ದರೆ, ರಾತ್ರಿ ನಾವು ಓದುವ ಕೋಣೆಯಲ್ಲಿ ಕೆಲವು ನೂರು ಲಕ್ಸ್ ಇರುತ್ತದೆ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಂಡು ಎಲ್ಲವೂ ಬೆಳಕೇ ಎಂದು ಹೇಳಿಬಿಡುತ್ತದೆ. ಗಿಡಕ್ಕೆ ಆ ದಾಕ್ಷಿಣ್ಯವಿಲ್ಲ. ಗುಂಡಗಿರಬೇಕಾದದ್ದು ತುದಿಯಲ್ಲಿ ಸಣಕಲಾಗಿ, ಬಿಳಿಚಿಕೊಂಡು, ಕಿಟಕಿಯ ಕಡೆಗೆ ಕತ್ತು ಚಾಚುತ್ತದೆ, ಹಾಗೆ ಚಾಚಿದ ಭಾಗ ಮತ್ತೆಂದೂ ಗುಂಡಗಾಗುವುದಿಲ್ಲ.

ಆದ್ದರಿಂದ ದೀಪ ಬೇಕು. ನೇರಳೆ ಬೆಳಕು ಚೆಲ್ಲುವ, ಗಿಡಗಳಿಗೆಂದೇ ಮಾರುವ ದೀಪಗಳು ಮನೆಯನ್ನು ನಾಟಕದ ರಂಗಸ್ಥಳ ಮಾಡುವುದಲ್ಲದೆ ಬಿಳಿ ದೀಪ ಮಾಡದ್ದೇನನ್ನೂ ಮಾಡುವುದಿಲ್ಲ. ಲೋಹಾರ್ ಚಾಲಿನ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಸಿಗುವ 20 ವ್ಯಾಟಿನ ಸಾಧಾರಣ ಬಿಳಿ ಎಲ್‌ಇಡಿ ಪಟ್ಟಿಯನ್ನು ಗಿಡಗಳ ಮೇಲೆ ಒಂದು ಗೇಣಿನ ಅಂತರದಲ್ಲಿ ಕಟ್ಟಿದರೆ ಸಾಕು. ಅಂತರ ಮುಖ್ಯ, ಅದನ್ನೇ ಚಾವಣಿಗೆ ಕಟ್ಟಿದರೆ ಬೆಳಗುವುದು ಮನೆ, ಗಿಡವಲ್ಲ. ದಿನಕ್ಕೆ ಹನ್ನೆರಡು ಗಂಟೆ ಉರಿಸಿದರೂ ತಿಂಗಳಿಗೆ ಏಳೂವರೆ ಯುನಿಟ್ ಮೀರುವುದಿಲ್ಲವೆಂಬ ಲೆಕ್ಕವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿರುವುದು ಒಳ್ಳೆಯದು, ಯಾರಾದರೂ ಕೇಳಿಯೇ ಕೇಳುತ್ತಾರೆ. ಜೊತೆಗೆ ಒಂದು ಟೈಮರ್ ಪ್ಲಗ್ಗು. ಗಿಡಕ್ಕೆ ಕತ್ತಲೆಯೂ ಅಗತ್ಯ, ಏಕೆಂದರೆ ಕಳ್ಳಿ ತನ್ನ ಉಸಿರಿನ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುವುದು ರಾತ್ರಿಯಲ್ಲಿ. ಮಳೆಗಾಲಕ್ಕೆ ಒಂದು ಪುಟ್ಟ ಯುಎಸ್‌ಬಿ ಫ್ಯಾನು. ಗಾಳಿ ಆಡುತ್ತಿದ್ದರೆ ಕೊಳೆರೋಗಕ್ಕೆ ಅರ್ಧ ದಾರಿ ಮುಚ್ಚಿದಂತೆ. ಮನೆಯವರು ಸೆಕೆಯಿಂದ ಬೇಯುತ್ತಿರುವಾಗ ಕಳ್ಳಿಗೆ ಪ್ರತ್ಯೇಕ ಫ್ಯಾನು ಹಾಕುವುದನ್ನು ಸಮರ್ಥಿಸುವ ಬಗೆ ನನಗಿನ್ನೂ ಸಿಕ್ಕಿಲ್ಲ.

ಉಳಿದ ಚಿಲ್ಲರೆ ಸಾಮಾನನ್ನು ಮನೆಯಲ್ಲಿಯೇ ಹುಡುಕಬಹುದು. ನೀರು ಹಾಕಲು ಹೋಟೆಲುಗಳಲ್ಲಿ ಸಾಸ್ ಇಡುವ ಚೂಪು ಮೂತಿಯ ಬಾಟಲಿ. ಎತ್ತಿ ಹಿಡಿಯಲು ಇಕ್ಕಳ, ಇಲ್ಲವೇ ಪಟ್ಟಿಯಂತೆ ಮಡಿಸಿದ ಪತ್ರಿಕೆ. ಮುಂಬಯಿ ಆವೃತ್ತಿಯ ಕನ್ನಡ ಪತ್ರಿಕೆಯ ಪುರವಣಿ ಇದಕ್ಕೆ ಹೇಳಿ ಮಾಡಿಸಿದಷ್ಟು ದಪ್ಪವಾಗಿರುತ್ತದೆ. ಪಾಪಾಸುಕಳ್ಳಿಯ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು ಕೈಗವಸನ್ನೂ ಹಾಳುಮಾಡುತ್ತವೆ, ಅವಕ್ಕೆ ಅಂಟುಟೇಪೇ ಮದ್ದು. ಬಿಳಿ ಹಿಟ್ಟಿನಂತೆ ಅಂಟಿಕೊಳ್ಳುವ ಹಿಟ್ಟು ತಿಗಣೆ ಎಂಬ ಹುಳು ಕಂಡರೆ ಹತ್ತಿಯ ಕಡ್ಡಿಯನ್ನು ಸ್ಯಾನಿಟೈಸರಿನಲ್ಲಿ ಅದ್ದಿ ಒರೆಸಬೇಕು. ತೇವ ಅಳೆಯುವ ಎರಡು ಸರಳಿನ ಮೀಟರನ್ನು ಮಾತ್ರ ಕೊಳ್ಳಬಾರದು. ಹರಳು ಹೆಚ್ಚಿರುವ ಮಣ್ಣಿನಲ್ಲಿ ಸರಳಿಗೂ ಮಣ್ಣಿಗೂ ಸರಿಯಾದ ಸ್ಪರ್ಶವೇ ಇರುವುದಿಲ್ಲವಾದ್ದರಿಂದ ಅದು ಮನಸ್ಸಿಗೆ ಬಂದ ಅಂಕಿ ತೋರಿಸುತ್ತದೆ. ಒಂದು ಬಿದಿರಿನ ಕಡ್ಡಿಯನ್ನು ಚುಚ್ಚಿ ತೆಗೆದು ನೋಡಿದರೆ, ಅಥವಾ ಕುಂಡವನ್ನು ಎತ್ತಿ ತೂಗಿ ನೋಡಿದರೆ ಅದಕ್ಕಿಂತ ನಂಬಿಕೆಯ ಉತ್ತರ ಸಿಗುತ್ತದೆ.

ಇವೆಲ್ಲ ಮನೆಗೆ ಬಂದು ಸೇರಿದ ಮೇಲೆ ಗಿಡ ಕೊಳ್ಳಬೇಕು, ಅದೂ ಮಳೆ ಹಿಂದಕ್ಕೆ ಸರಿದು ಗಾಳಿ ಒಣಗುವ ನವೆಂಬರಿನ ಸುಮಾರಿಗೆ. ನರ್ಸರಿಯಲ್ಲಿ ತಲೆಯ ಮೇಲೆ ಹೂ ಹೊತ್ತು ನಿಂತಿರುವುದನ್ನು ಸ್ವಲ್ಪ ಮುಟ್ಟಿ ನೋಡುವುದು ಲೇಸು. ಅಂಟಿನಿಂದ ಹಚ್ಚಿದ ಒಣಹೂಗಳೂ ಇರುತ್ತವೆ. ಕೆಂಪು, ಹಳದಿ ಚೆಂಡು ಹೊತ್ತ ಗಿಡ ಮಕ್ಕಳಿಗೆ ಬಲು ಇಷ್ಟ. ಆ ಚೆಂಡಿನಲ್ಲಿ ಹಸಿರಿನ ಅಂಶವಿಲ್ಲದ್ದರಿಂದ ತಾನಾಗಿ ಬದುಕಲಾರದು, ಕೆಳಗಿನ ಹಸಿರು ಕಾಂಡಕ್ಕೆ ಕಸಿ ಮಾಡಿರುತ್ತಾರೆ. ಆ ಕಾಂಡ ಸಾಮಾನ್ಯವಾಗಿ ಡ್ರ್ಯಾಗನ್ ಹಣ್ಣಿನ ಬಳ್ಳಿಯದು, ಉಷ್ಣವಲಯದ ಕಾಡಿನ ಮೂಲದ್ದು. ಹಾಗಾಗಿ ಮುಂಬಯಿಯ ಹವೆಯ ಬಗ್ಗೆ ಅದು ಉಳಿದವುಗಳಷ್ಟು ಮುನಿಸಿಕೊಳ್ಳುವುದಿಲ್ಲ, ಮೊದಲ ಗಿಡವಾಗಿ ತರಲು ಅಡ್ಡಿಯಿಲ್ಲ. ತಂದ ಕೂಡಲೇ ಹಳೆಯ ಮಣ್ಣನ್ನು ಬಿಡಿಸಿ, ಒಣ ಮಿಶ್ರಣದಲ್ಲಿ ನೆಟ್ಟು, ಹರಿದ ಬೇರಿನ ಗಾಯ ಮಾಯುವಂತೆ ಒಂದು ವಾರ ನೀರು ಹಾಕದೆ ಬಿಡಬೇಕು. ಆ ವಾರದಲ್ಲಿ ಬಂದ ನೆಂಟರು ಅಯ್ಯೋ ಪಾಪ ಎಂದು ಲೋಟದಲ್ಲಿ ಉಳಿದ ನೀರನ್ನು ಅದಕ್ಕೆ ಸುರಿಯದಂತೆ ನೋಡಿಕೊಳ್ಳುವ ಸಾಮಾನು ಮಾತ್ರ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಕುಂಡವನ್ನೇ ಅವರ ಕೈಗೆಟುಕದ ಮೇಲಿನ ಹಲಗೆಗೆ ಏರಿಸಿಡಬೇಕು.