ಅಪರಾಧಶಾಸ್ತ್ರದ ಜೊತೆ ತತ್ವಶಾಸ್ತ್ರ, ನೀತಿಶಾಸ್ತ್ರ ಓದಬೇಕೇ?

ಪರ: ಬೆರಳಚ್ಚಿಗೆ ಗೊತ್ತಿರುವುದು ಅಷ್ಟೇ

ಓದಲೇಬೇಕು. ಧಾರವಾಡದಲ್ಲಿ ನಾನು ಅಪರಾಧಶಾಸ್ತ್ರ ಓದುತ್ತಿದ್ದಾಗ, ಹಾಸ್ಟೆಲಿನಲ್ಲಿ ಗೆಳೆಯನ ಟ್ರಂಕಿನಿಂದ 2,000 ರೂಪಾಯಿ ಕಾಣೆಯಾಯಿತು. ಮೆಸ್ಸಿನಲ್ಲಿ ಕೆಲಸಕ್ಕಿದ್ದ ಹುಡುಗನ ಮೇಲೆ ಎಲ್ಲರಿಗೂ ಅನುಮಾನ. ಕಾರಣ ಒಂದೇ. ಅವನು ಹುಬ್ಬಳ್ಳಿಯ ಸೆಟ್ಲ್‌ಮೆಂಟಿನವನು.

ನಾವು ಮೂವರು ಆಗಷ್ಟೇ ಬೆರಳಚ್ಚು ಎತ್ತುವುದನ್ನು ಕಲಿತಿದ್ದೆವು. ಟ್ರಂಕಿನ ಮುಚ್ಚಳದ ಮೇಲೆ ಕಪ್ಪು ಪುಡಿ ಉದುರಿಸಿ, ಬ್ರಶ್ಶಿನಿಂದ ಮೆಲ್ಲಗೆ ಸವರಿ, ಟೇಪು ಅಂಟಿಸಿ ಎತ್ತಿದೆವು. ಹುಡುಗನ ಹೆಬ್ಬೆರಳಿನ ಗುರುತು ಸರಿಯಾಗಿ ಹೊಂದಿತು. ಎಷ್ಟು ಖುಷಿಪಟ್ಟೆವು! ಅವತ್ತು ಸಂಜೆಯೇ ಅವನನ್ನು ಕೆಲಸದಿಂದ ತೆಗೆದರು. ಹದಿನೈದು ದಿನದ ಮೇಲೆ ದುಡ್ಡು ಗೆಳೆಯನ ಕೌದಿಯ ಮಡಿಕೆಯಲ್ಲೇ ಸಿಕ್ಕಿತು.

ನೀತಿಶಾಸ್ತ್ರ ಕಲಿಸುತ್ತಿದ್ದ ಸರ್ ಹತ್ತಿರ ಹೋಗಿ ಹೇಳಿಕೊಂಡೆ. ಅವರು ಬೈಯಲಿಲ್ಲ. ‘ಆ ಗುರುತು ಏನು ಹೇಳಿತು?’ ಅಂತ ಕೇಳಿದರು. ಅವನು ಟ್ರಂಕು ಮುಟ್ಟಿದ್ದಾನೆ ಅಂತ, ಅಂದೆ. ‘ಕದ್ದಿದ್ದಾನೆ ಅಂತ ಹೇಳಿದ್ದು ಯಾರು?’ ನನ್ನ ಬಾಯಿ ಕಟ್ಟಿಹೋಯಿತು. ದಿನಾ ಬೆಳಿಗ್ಗೆ ಟ್ರಂಕು ಸರಿಸಿ ಕಸ ಗುಡಿಸುತ್ತಿದ್ದವನು ಅವನೇ ಅಲ್ವಾ?

ಸೆಟ್ಲ್‌ಮೆಂಟ್ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದೂ ಆಮೇಲೆಯೇ. 1871ರಲ್ಲಿ ಬ್ರಿಟಿಷರು ತಂದ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿಗೆ ಸೇರಿಸಿತು. ಮುಂದೆ ಅವರನ್ನು ಬೇಲಿಯೊಳಗೆ ಇಟ್ಟು ಹಾಜರಿ ತೆಗೆದುಕೊಳ್ಳುತ್ತಿದ್ದರು. ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಹುಟ್ಟಿದ್ದು ಹಾಗೆ. 1952ರಲ್ಲಿ ಕಾಯ್ದೆ ರದ್ದಾಯಿತು. ನಮ್ಮ ಹಾಸ್ಟೆಲಿನಲ್ಲಿ ಮಾತ್ರ ಅದು ಇನ್ನೂ ಜಾರಿಯಲ್ಲಿತ್ತು. ಇದು ಶಾಸ್ತ್ರಕ್ಕೂ ಅಂಟಿದ್ದ ರೋಗ. ಇಟಲಿಯ ವೈದ್ಯ ಲೊಂಬ್ರೋಸೊ 1876ರಲ್ಲಿ, ತಲೆಬುರುಡೆ ಮುಖ ನೋಡಿ ಹುಟ್ಟು ಅಪರಾಧಿಯನ್ನು ಗುರುತಿಸಬಹುದು ಅಂತ ಬರೆದ. ಅಳತೆ ಪಟ್ಟಿ ಅವನ ಕೈಯಲ್ಲೂ ಇತ್ತು.

ನಾರ್ಕೋ ಪರೀಕ್ಷೆಯನ್ನೇ ನೋಡಿ. ಸೂಜಿ ಚುಚ್ಚಿ ಅಮಲು ಬರಿಸಿ ಬಾಯಿ ಬಿಡಿಸುವುದು. ಒಪ್ಪಿಗೆ ಇಲ್ಲದೆ ಅದನ್ನು ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2010ರಲ್ಲಿ, ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ. ಹೇಗೆ ಮಾಡುವುದು ಅಂತ ಲ್ಯಾಬು ಕಲಿಸುತ್ತದೆ. ಮಾಡಬಹುದಾ ಅಂತ ಕೇಳುವುದನ್ನು ಇನ್ನೊಂದು ಕ್ಲಾಸಿನಲ್ಲೇ ಕಲಿಯಬೇಕು.

ಇದನ್ನೆಲ್ಲ ಓದಿದರೆ ನೌಕರಿ ಸಿಗಲ್ಲ ಅಂತಾರೆ. ಸಂಬಳ ಒಂದನ್ನೇ ನೋಡುವವರಿಗೆ ಬೇರೆ ಕೋರ್ಸುಗಳಿವೆ.

ಕ್ಷಮೆ ಕೇಳಲು ಸೆಟ್ಲ್‌ಮೆಂಟಿಗೆ ಹೋದೆ. ಹುಡುಗ ಇರಲಿಲ್ಲ. ‘ಅವ ಗೋವಾಕ್ಕ ದುಡಿಯಾಕ ಹೋಗ್ಯಾನ್ರೀ’ ಅಂದರು ಅವನ ತಾಯಿ. ನಾನು ಯಾರು ಅಂತ ಹೇಳಿದ ಮೇಲೂ ಒಂದು ತಂಬಿಗೆ ನೀರು ತಂದು ಮುಂದಿಟ್ಟರು.

ವಿರೋಧ: ಮೊದಲು ಕೈ ಪಳಗಲಿ

ಬೇಡ ಅನ್ನುವ ಕಡೆಯಿಂದ ಬರೆಯಿರಿ ಅಂದರು, ಒಪ್ಪಿಕೊಂಡೆ. ನೀತಿಯೇ ಬೇಡ ಅಂತ ನಾನು ಹೇಳಲಾರೆ. ನನ್ನ ಚಿಂತೆ ಇರುವುದು ಲ್ಯಾಬಿನ ಸಮಯದ ಬಗ್ಗೆ.

1 ಜುಲೈ 2024ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ತನಿಖೆ ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಹೊಸ ಕಾನೂನು, ಬಂದಿದೆ. ಏಳು ವರ್ಷ ಅಥವಾ ಜಾಸ್ತಿ ಶಿಕ್ಷೆಯ ಅಪರಾಧ ನಡೆದರೆ ವಿಧಿವಿಜ್ಞಾನದ (ಫೊರೆನ್ಸಿಕ್) ತಜ್ಞರು ಸ್ಥಳಕ್ಕೆ ಹೋಗಬೇಕು ಅನ್ನುತ್ತದೆ ಅದು. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಕೊಟ್ಟಿದ್ದಾರೆ. ಅಷ್ಟು ಜನರನ್ನು ಎಲ್ಲಿಂದ ತರುವುದು?

ನನ್ನ ಹತ್ತಿರ ಕೆಲಸ ಕಲಿಯಲು ಒಬ್ಬ ಹುಡುಗ ಬಂದಿದ್ದ. ತತ್ವಶಾಸ್ತ್ರದಲ್ಲಿ ಒಳ್ಳೆಯ ಅಂಕ, ಮಾತೂ ಚಂದ. ರಕ್ತದಿಂದ ಒದ್ದೆಯಾಗಿದ್ದ ಅಂಗಿಯನ್ನು ಹಾಗೇ ಪ್ಲಾಸ್ಟಿಕ್ ಕವರಿಗೆ ಹಾಕಿ ಸೀಲು ಮಾಡಿದ್ದ. ಬಿಚ್ಚಿದಾಗ ಬೂಷ್ಟು ಹಿಡಿದಿತ್ತು. ನೆರಳಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕಬೇಕು. ಇದನ್ನು ಹತ್ತು ಸಲ ಮಾಡಿದರೇ ಕೈಗೆ ಬರುವುದು. ಕೊಲೆ ನಡೆದ ಮನೆಯಲ್ಲಿ ನಿಂತು ಸತ್ಯ ಅಂದರೇನು ಅಂತ ಯೋಚಿಸುತ್ತಾ ಕೂರಲು ಆಗುವುದಿಲ್ಲ.

ಇನ್ನು ನೀತಿ ಕಾನೂನಿನಲ್ಲೇ ಇದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತಿಗೆ ಬಳಸುವಂತಿಲ್ಲ. ಕಾನೂನು ಚೆನ್ನಾಗಿ ಕಲಿತರೆ ಸಾಕು ಅನಿಸುತ್ತದೆ. ಬೇಕಾದರೆ ಕೊನೆಯ ವರ್ಷ ಒಂದು ಪೇಪರ್ ಇಡಲಿ, ಅದಕ್ಕೆ ನನ್ನ ತಕರಾರಿಲ್ಲ. ಲ್ಯಾಬಿನ ಗಂಟೆಗಳನ್ನು ಮಾತ್ರ ಮುಟ್ಟಬೇಡಿ. ಆ ಅಂಗಿಯಿಂದ ನಮಗೆ ಏನೂ ಸಿಗಲಿಲ್ಲ.